ಜಮಾಲ್ ಸಾಬನ ದ್ವೀಪ

"ದ್ವೀಪ ನೋಡಾಕ ಹೋಗಾಣೇನ?" ಎಂದು ಜಮಾಲ್ ಸಾಬ್ ಕೇಳಿದಾಗ ಹಜೀರಾಬೀ ಪಡಸಾಲೆಯಲ್ಲಿ ಕೂತು ಮಂಡಕ್ಕಿ ಕೇರುತ್ತಿದ್ದಳು. ಮೊರದ ಸದ್ದಿನಲ್ಲಿ ಅವಳಿಗೆ ಕೇಳಿಸಿದ್ದು 'ದೀಪ'.

"ಯಾವ ದೀಪಾನ್ರಿ? ಕರೆಂಟ್ ಐತಲ್ಲ."

"ದೀಪ ಅಲ್ಲೇ, ದ್ವೀಪ. ಜಜೀರಾ. ಸುತ್ತ ಸಮುದ್ರ, ನಡುವೆ ಒಂದೀಟು ನೆಲ. ಮಲ್ಪೆಯಿಂದ ಬೋಟಿನಾಗ ಕರ್ಕೊಂಡು ಹೋಗ್ತಾರಂತೆ."

ಮೊರ ನಿಂತಿತು. ಹಜೀರಾಬೀ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹಬ್ಬ ಬಿಟ್ಟರೆ ಮಂಡಕ್ಕಿ ಭಟ್ಟಿಗೆ ಒಂದು ದಿನವೂ ರಜೆ ಕೊಡದ ಮನುಷ್ಯ ಇವನು. ಮದುವೆಯಾದಾಗಿನಿಂದ ಅವಳ ಭೂಗೋಳ ಅಂದರೆ ದಾವಣಗೆರೆಯಿಂದ ಹರಿಹರ, ಹರಿಹರದಿಂದ ದಾವಣಗೆರೆ. ಹರಿಹರದ ಉರುಸಿಗೆ ಹೋದರೂ ಸಂಜೆಯೊಳಗೆ ವಾಪಸ್ಸು. ಇಲ್ಲದಿದ್ದರೆ ಭಟ್ಟಿಯ ಬೆಂಕಿ ಇವನಿಗಾಗಿ ಅಳುತ್ತದೆಯೇನೋ ಎಂಬಂತೆ ಬಸ್‌ಸ್ಟ್ಯಾಂಡಿನಲ್ಲಿ ಚಡಪಡಿಸುವವನು. ಇಂಥವನ ಬಾಯಲ್ಲಿ ಸಮುದ್ರ!

"ಅಲ್ಲೇನೈತೆ ನೋಡಾಕ?"

"ಕಲ್ಲು ಅದಾವೆ. ಕಂಬದಂಗೆ ಸಾಲಾಗಿ ನಿಂತಾವಂತೆ. ಯಾರೋ ಕೆತ್ತಿ ನಿಲ್ಸಿದಂಗೆ ಕಾಣ್ತಾವೆ, ಆದ್ರೆ ಯಾರೂ ಕೆತ್ತಿಲ್ಲ. ಆಮೇಲೆ ಕಪ್ಪೆಚಿಪ್ಪು. ತೆಂಗಿನ ಮರ. ಮರಳು."

"ಮರಳಾ?" ಹಜೀರಾಬೀಗೆ ನಗು ತಡೆಯಲಾಗಲಿಲ್ಲ. "ಜೀವಮಾನ ಪೂರ್ತಿ ಭಟ್ಟಿಯಾಗ ಮರಳು ಕಾಸಿ ಕಾಸಿ ಮಂಡಕ್ಕಿ ಹುರಿದಿದ್ದು ಸಾಲದಾ? ಮರಳು ನೋಡಾಕ ಅಷ್ಟು ದೂರ ಹೋಗ್ಬೇಕಾ?"

ಜಮಾಲ್ ಸಾಬ್ ತಿರುಗಿ ಒಂದು ಮಾತು ಕುಟುಕಬೇಕಿತ್ತು. ಅದು ಆ ಮನೆಯ ಪದ್ಧತಿ. ಅವಳು ಒಂದು ಅಂದರೆ ಅವನು ಎರಡು ಅನ್ನಬೇಕು, ಇಲ್ಲದಿದ್ದರೆ ಇಬ್ಬರಿಗೂ ಉಂಡದ್ದು ಅರಗುವುದಿಲ್ಲ. ಆದರೆ ಅವನು ಕುಟುಕಲಿಲ್ಲ. "ಅದು ತಣ್ಣನೆ ಮರಳು" ಎಂದು ಹೇಳಿ ಎದ್ದು ಹೋದ.

ಏನೋ ಇದೆ, ಎಂದುಕೊಂಡಳು ಹಜೀರಾಬೀ.

ಅನುಮಾನ ಅನ್ನುವುದು ಒಂದು ಸಲ ಒಳಗೆ ಹೊಕ್ಕರೆ ತಾನೇ ಚಾಪೆ ಹಾಸಿಕೊಂಡು ಕೂತುಬಿಡುತ್ತದೆ. ಅಂದಿನಿಂದ ಅವಳಿಗೆ ಮನೆಯಲ್ಲಿ ನಡೆಯುವುದೆಲ್ಲ ಬೇರೆಯಾಗಿ ಕಾಣತೊಡಗಿತು. ಮಗ ಇಮ್ರಾನ್, ಉಂಡ ತಟ್ಟೆಯನ್ನು ಉಂಡಲ್ಲೇ ಬಿಟ್ಟು ಏಳುವ ದೊಡ್ಡ ಮನುಷ್ಯ, ಈಗ ತಾನೇ ತೊಳೆದಿಡುತ್ತಿದ್ದಾನೆ. ಮಗಳು ಸಿಮ್ರಾನ್ ಕೇಳದೆಯೇ ಕಾಲು ಒತ್ತಲು ಬರುತ್ತಾಳೆ. ಜಮಾಲ್ ಸಾಬ್ ಬೆಳಿಗ್ಗೆ ಭಟ್ಟಿಯಿಂದ ಬರುವಾಗ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರುತ್ತಾನೆ, ಅವಳು ತಿನ್ನುವಾಗ ಎದುರಿಗೆ ಕೂತು ನೋಡುತ್ತಾನೆ. ಅವಳು ಹೊಟ್ಟೆ ಸರಿಯಿಲ್ಲದೆ ಅರ್ಧ ಬಿಟ್ಟರೆ ಅವನ ಮುಖ ಬಾಡುತ್ತದೆ. ಹೋದ ತಿಂಗಳು ಹೊಟ್ಟೆನೋವೆಂದು ದೊಡ್ಡಾಸ್ಪತ್ರೆಗೆ ತೋರಿಸಿ ಬಂದಿದ್ದರು. ಗ್ಯಾಸ್ ಅಂದಿದ್ದರು ಡಾಕ್ಟರು. ಜೀರಿಗೆ ನೀರು ಕುಡಿದುಕೊಂಡು ಅವಳು ಅದನ್ನು ಅಲ್ಲಿಗೇ ಬಿಟ್ಟಿದ್ದಳು. ಅದರ ಚಿಂತೆ ಅವಳಿಗಿರಲಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಒಳ್ಳೆಯವರಾಗಿಬಿಟ್ಟರೆ ಯಾರಿಗಾದರೂ ಚಿಂತೆ ಹತ್ತಬೇಕಾದ್ದೇ.

"ಈ ವಯಸ್ಸಿನಾಗ ಹನಿಮೂನಾ ಹಜೀರಾ!" ಎಂದು ಪಕ್ಕದ ಮನೆಯ ಪುಟ್ಟಕ್ಕ ಕೈತಟ್ಟಿ ನಕ್ಕಳು. ಪುಟ್ಟಕ್ಕ ಕೆಟಿಜೆ ನಗರದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು, ಬಾಯಿಗೆ ಬೀಗವಿಲ್ಲ. "ನೋಡು, ನನ್ನ ಮಾತು ಬರೆದಿಟ್ಕೋ. ಗಂಡಸು ಕೇಳದೇ ಏನಾರ ಕೊಟ್ಟ ಅಂದ್ರೆ, ಕೇಳದೇ ಏನೋ ತಗೊಂಡಾನೆ ಅಂತ್ಲೇ ಅರ್ಥ."

ಈ ಮಾತು ಹಜೀರಾಬೀಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆಯ ಚೂರಿನಂತೆ ಕೂತಿತು.

ಏನು ತಗೊಂಡಿದ್ದಾನೆ ಎಂಬುದೂ ಬೇಗ ಗೊತ್ತಾಯಿತು. ಗೊತ್ತಾಯಿತು ಎಂದು ಅವಳು ತಿಳಿದಳು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಣಹಾಕಿ ಒಳಗೆ ಬರುವಾಗ ಅಪ್ಪ ಮಗ ಪಿಸುಗುಟ್ಟುವುದು ಕೇಳಿಸಿತು.

"ಫುಪ್ಪುಗೆ ಹೇಳಿದ್ರಾ ಅಬ್ಬಾ?"

"ಹೇಳೀನಿ. ಅತ್ತಳು. ಆದ್ರೆ ನಿಮ್ಮಮ್ಮಿಗೆ ಮಾತ್ರ ಈಗಲೇ ತಿಳೀಬಾರದು ಅಂದೀನಿ."

ಅವಳ ಹೆಜ್ಜೆಯ ಸದ್ದಿಗೆ ಇಬ್ಬರೂ ಬಾಯಿ ಮುಚ್ಚಿದರು. ಇಮ್ರಾನ್ ಮೊಬೈಲ್ ತೆಗೆದು ಅಪ್ಪನ ಮುಂದೆ ಹಿಡಿದು, "ನೋಡ್ರಿ, ಇಲ್ಲಿ ಬೋಟಿನಿಂದ ಇಳಿಯೋವಾಗ ಮೊಣಕಾಲುದ್ದ ನೀರಿರತ್ತಂತೆ" ಎಂದು ಗಟ್ಟಿಯಾಗಿ ಓದಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಹಜೀರಾಬೀ ಏನೂ ಕೇಳದವಳಂತೆ ಅಡಿಗೆಮನೆಗೆ ಹೋದಳು. ಕೈಯಲ್ಲಿದ್ದ ಬಕೆಟ್ಟು ಮಾತ್ರ ನೆಲಕ್ಕೆ ಸ್ವಲ್ಪ ಜೋರಾಗೇ ಬಿತ್ತು.

ಫುಪ್ಪು ಅಂದರೆ ಸೋದರತ್ತೆ, ಹರಿಹರದ ಫಕ್ರುನ್ನೀಸಾ, ಜಮಾಲ್ ಸಾಬನ ತಂಗಿ. ಅವಳ ಮಗ ಮುದಸ್ಸಿರ್ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಅವನಿಗೆ ಸಿಮ್ರಾನಳನ್ನು ಕೊಡಿ ಎಂದು ಫಕ್ರುನ್ನೀಸಾ ಹಿಂದೊಮ್ಮೆ ಒಂದು ಮದುವೆ ಮನೆಯಲ್ಲಿ ಕೇಳಿದ್ದಳು. ನೆಂಟರೆಲ್ಲ ಕೂತಿದ್ದ ಕಡೆಯೇ ಹಜೀರಾಬೀ, "ಗ್ಯಾರೇಜಿನ ಎಣ್ಣೆ ಕೈ ಹಿಡಿಯಾಕ ನನ್ ಮಗಳನ್ನ ಓದಿಸಿಲ್ಲ" ಅಂದುಬಿಟ್ಟಳು. ಫಕ್ರುನ್ನೀಸಾ ಸುಮ್ಮನಿರುವ ಹೆಂಗಸೇ? "ಹಾಂ ಹಾಂ, ಮಂಡಕ್ಕಿ ಕೇರೋಳ ಮಗಳಿಗೆ ನವಾಬ ಬರ್ತಾನೆ ಕುದುರೆ ಮ್ಯಾಲೆ" ಅಂದಳು. ಅಲ್ಲಿಂದೀಚೆಗೆ ಒಬ್ಬರ ಮನೆಯ ನೀರು ಇನ್ನೊಬ್ಬರು ಕುಡಿದಿಲ್ಲ. ಈದ್ ದಿನ ಜಮಾಲ್ ಸಾಬ್ ಒಬ್ಬನೇ ತಂಗಿಯ ಮನೆಗೆ ಹೋಗಿ ಬರುತ್ತಿದ್ದ.

ಈಗ ಎಲ್ಲಾ ಸರಿಯಾಗಿ ಕೂತುಕೊಂಡಿತು. ಅಣ್ಣ ತಂಗಿ ಸೇರಿ ಸಂಬಂಧ ಕುದುರಿಸಿದ್ದಾರೆ. ಖುಷಿಯಿಂದ ಅತ್ತಿದ್ದಾಳೆ ಆ ನಾಟಕದವಳು. ಹಾಗಾದರೆ ದ್ವೀಪ ಯಾಕೆ? ಹಜೀರಾಬೀ ಒಂದು ಸಣ್ಣ ಪರೀಕ್ಷೆ ಇಟ್ಟಳು.

ಸಂಜೆ ಚಹಾ ಕೊಡುತ್ತಾ, "ದ್ವೀಪಕ್ಕ ಸಿಮ್ರಾನ್‌ನೂ ಕರ್ಕೊಂಡು ಹೋಗಾಣಲ್ರೀ" ಅಂದಳು.

"ಬ್ಯಾಡ. ನಾವಿಬ್ರೇ."

"ಅಲ್ಲಿ ಫೋನ್ ಸಿಗತ್ತಾ?"

"ಫೋನ್ ಯಾಕ ಬೇಕು ನಿನಗ? ಆರಾಮ ಕೂಡು ಒಂದಿನ. ಅಲ್ಲಿ ಏನೇನು ಮಾಡಬೋದು ಅಂತ ಕೇಳ್ಕೊಂಡು ಬಂದೀನಿ. ಬೋಟು ಹೊಂಟಾಗ ಮ್ಯಾಲಿನ ಕಡೆ ಕೂಡಬೇಕು, ಗಾಳಿ ಚಲೋ ಬರ್ತೈತೆ. ಇಳಿದ ಮ್ಯಾಲೆ ಬಲಗಡೆ ಹೋಗ್ಬೇಕು, ಎಡಗಡೆ ಮಂದಿ ಜಾಸ್ತಿ. ಕಲ್ಲಿನ ಮ್ಯಾಲೆ ಹತ್ತಬಾರದು, ಜಾರ್ತಾವೆ. ನೀರಾಗ ಕಾಲು ಬಿಟ್ಕೊಂಡು ಕೂಡಬೋದು. ಚಿಪ್ಪು ಆರಿಸ್ಬೋದು. ಬೆಸ್ಟ್ ಅಂದ್ರೆ ಎಳನೀರು ಕುಡೀತಾ ಅಲೆ ನೋಡೋದಂತೆ. ರಾತ್ರಿ ಇರಾಕ ಬಿಡೋದಿಲ್ಲ, ಅದೊಂದೇ ಬೇಜಾರು."

ಮದುವೆಯ ಖುತ್ಬಾ ಓದುವ ಖಾಜಿಯ ಹಾಗೆ ಒಂದು ಅಕ್ಷರ ತಪ್ಪದೆ ಹೇಳಿದ. ಎಷ್ಟು ಚೆನ್ನಾಗಿ ಪಾಠ ಮಾಡಿದ್ದಾನೆ ನೋಡು ಕಳ್ಳ, ಎಂದು ಹಜೀರಾಬೀ ಒಳಗೇ ಕುದಿದಳು. ತನ್ನನ್ನು ಫೋನೂ ಸಿಗದ ಕಡೆ, ನೀರಿನ ನಡುವೆ ಕೂಡಿಸಿ, ಇಲ್ಲಿ ಹಿಂದಿನಿಂದ ಮಗಳಿಗೆ ಉಂಗುರ ತೊಡಿಸುವ ಹಂಚಿಕೆ! ರಾತ್ರಿ ಸಿಮ್ರಾನಳ ತಲೆ ಬಾಚುವಾಗ, "ನಾನು ಹೋದ ಮ್ಯಾಲೆ ಇಲ್ಲಿ ಏನು ಮಾಡ್ತೀರಿ ನೀವೆಲ್ಲ?" ಎಂದು ಕೆಣಕಿದಳು. ಅಷ್ಟಕ್ಕೇ ಹುಡುಗಿಯ ಕಣ್ಣು ತುಂಬಿಬಿಟ್ಟಿತು. "ಹಂಗನ್ನಬ್ಯಾಡಮ್ಮಿ" ಎಂದು ಬಾಚಣಿಗೆ ಬಿಡಿಸಿಕೊಂಡು ಓಡಿದಳು. ಇನ್ನು ಸಾಕ್ಷಿ ಬೇಕೇ? ಮಗುವನ್ನು ಹೆದರಿಸಿ ಒಪ್ಪಿಸಿದ್ದಾರೆ.

ಮಾರನೆಯ ದಿನ ಎಲ್ಲರೂ ಹೊರಗೆ ಹೋದ ಮೇಲೆ ಹಜೀರಾಬೀ ಬುರ್ಖಾ ಹಾಕಿಕೊಂಡು, ಪುಟ್ಟಕ್ಕನ ಕೈಗೆ ಬೀಗದ ಕೈ ಕೊಟ್ಟು, ಹರಿಹರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಮೊದಲು ಇದು, ಆಮೇಲೆ ಅದು, ಕೊನೆಗೆ ಎಣ್ಣೆ ಕೈಯ ಮಾತನ್ನೇ ಇನ್ನೊಂದು ಸಲ. ಹೊಟ್ಟೆಯಲ್ಲಿ ನೋವು ಎದ್ದು ಎದ್ದು ಕೂರುತ್ತಿತ್ತು. ಸಿಟ್ಟಿಗೆ ಗ್ಯಾಸು ಹೆಚ್ಚಾಗಿದೆ ಎಂದುಕೊಂಡಳು.

ಫಕ್ರುನ್ನೀಸಾಳ ಮನೆ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿತ್ತು. ಬಾಗಿಲು ತೆರೆದೇ ಇತ್ತು. ಅವಳು ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಹೊಸ್ತಿಲಲ್ಲಿ ನಿಂತ ಅತ್ತಿಗೆಯನ್ನು ಕಂಡದ್ದೇ, ತಟ್ಟೆ ಸರಿಸಿ ಎದ್ದುನಿಂತಳು.

"ಕೂಡೋಕೆ ಬಂದಿಲ್ಲ ನಾನು" ಎಂದು ಹಜೀರಾಬೀ ಬಾಗಿಲಲ್ಲೇ ಶುರುಮಾಡಿದಳು. "ನಿನ್ ಮಗನಿಗೆ ನನ್ ಮಗಳು ಸಿಗಾಕಿಲ್ಲ ಅಂತ ಅವತ್ತೇ ಹೇಳಿದ್ದೆ. ನಿಮ್ಮಣ್ಣನ್ನ ಹೆಂಗೆ ಬುಟ್ಟಿಗೆ ಹಾಕ್ಕೊಂಡೆ ಹೇಳು. ನನ್ನನ್ನ ಸಮುದ್ರಕ್ಕೆ ಕಳಿಸಿ—"

"ಭಾಬಿ, ಮುದಸ್ಸಿರ್‌ಗೆ ರಾಣೆಬೆನ್ನೂರಿನ ಹುಡುಗಿ ಗೊತ್ತು ಮಾಡೀವಿ. ಮಾತು ಮುಗಿದೈತೆ. ನಿಮಗ್ಯಾರು ಹೇಳಿದ್ರು ಇದನ್ನ?"

ಹಜೀರಾಬೀ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. ಬೈಯಲು ಬಂದವಳಿಗೆ ಬೈಯಲು ಏನೂ ಇಲ್ಲದಂತಾಗುವುದು ದೊಡ್ಡ ಅವಮಾನ. ಅವಳು ಬುರ್ಖಾದ ತುದಿಯಿಂದ ಮುಖ ಒರೆಸಿಕೊಳ್ಳುತ್ತಾ ನಿಂತಳು. ಫಕ್ರುನ್ನೀಸಾ ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಹಿಡಿದವಳೇ ಅಳತೊಡಗಿದಳು.

"ನೀವೇ ಬಂದ್ರಿ, ಚಲೋ ಆತು. ನಾನೇ ಬರ್ಬೇಕು ಅಂತಿದ್ದೆ, ಮುಖ ಇರ್ಲಿಲ್ಲ. ಭಾಬಿ, ಕಹಾ-ಸುನಾ ಮಾಫ್ ಕರೋ. ಅವತ್ತು ಮದುವೆ ಮನ್ಯಾಗ ನಾನು ಆಡಿದ್ದು, ಆಮೇಲೆ ಅಲ್ಲಿ ಇಲ್ಲಿ ಆಡಿದ್ದು, ಎಲ್ಲಾ ಮಾಫ್ ಮಾಡ್ರಿ. ಮನಸಿನಾಗ ಇಟ್ಕಬ್ಯಾಡ್ರಿ."

ಕಹಾ-ಸುನಾ ಮಾಫ್. ಆಡಿದ್ದು, ಕೇಳಿದ್ದು, ಎಲ್ಲ ಮನ್ನಿಸು. ಹಜ್‌ಗೆ ಹೊರಟವರು ನೆಂಟರ ಮನೆ, ನೆರೆಮನೆಗಳಿಗೆಲ್ಲ ಹೋಗಿ ಹೀಗೆ ಕೇಳಿಕೊಳ್ಳುತ್ತಾರೆ. ತಿರುಗಿ ಬರುವುದು ಅಲ್ಲಾಹನ ಕೈಯಲ್ಲಿದೆ, ಯಾರ ಋಣವೂ ಬೆನ್ನ ಮೇಲಿರಬಾರದು ಎಂದು. ಹೊರಟವರು ಕೇಳಬೇಕು, ಉಳಿಯುವವರು ಆಗಲಿ ಅನ್ನಬೇಕು.

"ನಾನೇನು ಹಜ್‌ಗೆ ಹೊಂಟೀನಾ ಮಾರಾಯ್ತಿ?" ಎಂದು ಹಜೀರಾಬೀ ನಕ್ಕಳು. "ಮಲ್ಪೆಗೆ ಹೊಂಟೀನಿ, ಚಿಪ್ಪು ಆರಿಸಾಕ. ಕೇಳೋದಿದ್ರೆ ನಾನು ಕೇಳಬೇಕು, ನೀನ್ಯಾಕ..."

ನಗು ಅಷ್ಟಕ್ಕೇ ನಿಂತಿತು. ಉಳಿಯುವವರೇ ಹೊರಟವರ ಕೈಹಿಡಿದು ಹೀಗೆ ಅಳುವುದನ್ನು ಅವಳು ಒಂದೇ ಒಂದು ಸಲ ನೋಡಿದ್ದಳು. ಅತ್ತೆ ಕೊನೆಗಾಲಕ್ಕೆ ಹಾಸಿಗೆ ಹಿಡಿದಾಗ. ಊರ ನೆಂಟರೆಲ್ಲ ಒಬ್ಬೊಬ್ಬರಾಗಿ ಒಳಗೆ ಬಂದು, ಮುದುಕಿಯ ಕೈ ಹಿಡಿದು, ಇದೇ ಮಾತು ಹೇಳಿ ಹೊರಗೆ ಹೋಗಿದ್ದರು. ಹಜೀರಾಬೀಯೂ ಹಾಗೆ ಕೇಳಿದ್ದಳು.

"ಅವರಿಗೇನಾಗೈತೆ?" ಎಂದಳು. "ಫಕ್ರೂ, ನಿಜ ಹೇಳು. ನಿಮ್ಮಣ್ಣಂಗೆ ಏನಾಗೈತೆ?"

"ಅಣ್ಣಂಗೇನೂ ಆಗಿಲ್ಲ ಭಾಬಿ."

ಅಂದವಳೇ ಫಕ್ರುನ್ನೀಸಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಓಣಿಯಲ್ಲಿ ಯಾರೋ ಬೈಕು ಚಾಲೂ ಮಾಡಲು ಒದೆಯುತ್ತಿದ್ದರು. ಅದು ಚಾಲೂ ಆಗಿ ದೂರ ಹೋಯಿತು. ಹಜೀರಾಬೀಗೆ ದೊಡ್ಡಾಸ್ಪತ್ರೆಯ ಬೆಂಚು ನೆನಪಾಯಿತು. ಡಾಕ್ಟರು ಅವಳಿಗೆ ಗ್ಯಾಸ್ ಎಂದು ಹೇಳಿ ಹೊರಗೆ ಕಳಿಸಿ, ಅಪ್ಪ ಮಗನನ್ನು ಮಾತ್ರ ಒಳಗೆ ಕೂರಿಸಿಕೊಂಡಿದ್ದರು. ಹೊರಗೆ ಬಂದ ಇಮ್ರಾನ್ ಅವಳನ್ನು ನೋಡದೆ ಗೋಡೆಯ ಮೇಲಿನ ಮಗುವಿನ ಚಿತ್ರವನ್ನು ನೋಡುತ್ತಾ ನಿಂತಿದ್ದ. ಜಮಾಲ್ ಸಾಬ್ ಅವಳ ಚಪ್ಪಲಿಯನ್ನು ಬಗ್ಗಿ ಸರಿಯಾಗಿ ಜೋಡಿಸಿ ಇಟ್ಟಿದ್ದ. ಆವತ್ತೇ ಅನುಮಾನ ಬರಬೇಕಿತ್ತು. ಬೇಕಾದಾಗ ಬರಲಿಲ್ಲ.

"ಮಾಫ್" ಎಂದಳು ಹಜೀರಾಬೀ. "ಎಲ್ಲಾ ಮಾಫ್. ನೀನೂ ಮಾಡು." ಆಮೇಲೆ, "ಒಂದು ಲೋಟ ನೀರು ಕೊಡು" ಎಂದು ಕೇಳಿ, ಕೂತು, ಆ ಮನೆಯ ನೀರು ಕುಡಿದಳು. "ನಾನು ಬಂದಿದ್ದೆ ಅಂತ ಅವರಿಗೆ ಹೇಳಬ್ಯಾಡ" ಅಂದಳು.

ಹಿಂತಿರುಗುವ ಬಸ್ಸಿನಲ್ಲಿ ಭಯಕ್ಕಿಂತ ಮೊದಲು ಸಿಟ್ಟೇ ಬಂತು. ಎಲ್ಲರಿಗೂ ಗೊತ್ತು. ಮಗನಿಗೆ ಗೊತ್ತು, ಮಗಳಿಗೆ ಗೊತ್ತು, ಜಗಳವಾಡಿದ ನಾದಿನಿಗೂ ಗೊತ್ತು. ತನ್ನ ಸಾವು ತನಗಿಂತ ಮೊದಲು ಹರಿಹರದ ಬಸ್ಸು ಹತ್ತಿ ಹೋಗಿ ಬಂದಿದೆ! ಯಾರಪ್ಪನ ಗಂಟು ಅಂತ ಇವರು ಹಂಚಿಕೊಂಡರು? ಮನೆಗೆ ಹೋದವಳೇ ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳಬೇಕು ಎಂದುಕೊಂಡಳು. ಆಮೇಲೆ, ತಟ್ಟೆ ತೊಳೆಯುವ ಇಮ್ರಾನನ ಬಗ್ಗಿದ ಬೆನ್ನು ಕಣ್ಣಿಗೆ ಬಂತು. ಕಿಟಕಿಯ ಕಡೆ ಮುಖ ತಿರುಗಿಸಿ, ಬುರ್ಖಾದ ಒಳಗೇ ಅತ್ತಳು. ಸಿಮ್ರಾನಳ ಮದುವೆ ನೋಡಬೇಕಿತ್ತು. ಅದೊಂದೇ ಆಸೆ ಎಂದುಕೊಂಡಳು. ಅದೊಂದೇ ಅಲ್ಲ ಎಂದೂ ಗೊತ್ತಾಯಿತು. ಇನ್ನೂ ಎಷ್ಟೋ ಬೇಕಿತ್ತು, ಬೆಳಿಗ್ಗೆ ಎದ್ದು ಬೈದಾಡುವುದೂ ಬೇಕಿತ್ತು. ಪಕ್ಕದಲ್ಲಿ ಕೂತ ಹೆಂಗಸು, "ಯಾಕಮ್ಮ, ಹುಷಾರಿಲ್ಲಾ?" ಎಂದು ಕೇಳಿದಳು. "ಗ್ಯಾಸು" ಎಂದಳು ಹಜೀರಾಬೀ.

ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ಬಿಸಿಲು ಇಳಿಯುತ್ತಿತ್ತು. ಮಕ್ಕಳಿನ್ನೂ ಬಂದಿರಲಿಲ್ಲ. ಜಮಾಲ್ ಸಾಬ್ ಒಬ್ಬನೇ ಪಡಸಾಲೆಯಲ್ಲಿ ಬಟ್ಟೆಯ ರಾಶಿಯ ನಡುವೆ ಕೂತು ಚೀಲ ತುಂಬುತ್ತಿದ್ದ.

"ಎಲ್ಲಿ ಹೋಗಿದ್ದೆ?" ಎಂದ. ದನಿಯಲ್ಲಿ ಗಾಬರಿ ಇತ್ತು.

"ಬಳೆ ನೋಡಾಕ. ಸೇರಲಿಲ್ಲ." ಅವಳು ಗೋಡೆಗೆ ಒರಗಿ ಕೂತಳು. ಗಂಡನ ಕೈಗಳನ್ನು ನೋಡಿದಳು. ಭಟ್ಟಿಯ ಬಿಸಿಗೆ ಸುಟ್ಟು ಕಪ್ಪಾದ ಬೆರಳುಗಳು ಅವಳ ರವಿಕೆಯನ್ನು ಮಡಚಲು ತಿಣುಕುತ್ತಿದ್ದವು. ಹುಟ್ಟಿದಾಗಿನಿಂದ ಒಂದು ಬಟ್ಟೆ ಮಡಚಿದವನಲ್ಲ.

"ನಿಮಗ ಈಜು ಬರತ್ತೇನ್ರಿ?"

"ಇಲ್ಲ."

"ನೀರು ಕಂಡ್ರೆ ಹೆದರಿಕೆ. ಹೊಳಿಯಾಗ ತೆಪ್ಪ ಹತ್ತಿದ್ರೂ ಕಣ್ಣು ಮುಚ್ಕೊಂತೀರಿ. ಎಲ್ಲಾ ಬಿಟ್ಟು ದ್ವೀಪ ಯಾಕ್ರಿ?"

ಜಮಾಲ್ ಸಾಬ್ ತಲೆ ಎತ್ತಲಿಲ್ಲ. "ನೀನೇ ಅಂದಿದ್ದೆ."

"ನಾನಾ? ಯಾವಾಗ?"

"ಮದುವ್ಯಾದ ಹೊಸದ್ರಾಗ. ಹರಿಹರದ ಹೊಳೆ ದಂಡ್ಯಾಗ ಬಟ್ಟೆ ಒಗೀತಿದ್ದಿ. ನಡುವೆ ಒಂದು ಬಂಡೆ ಐತಲ್ಲ, ಅದನ್ನ ತೋರ್ಸಿ ಅಂದಿ, ಸುತ್ತ ನೀರಿರಬೇಕು, ನಾನು ನಡುವೆ ಕುಂತಿರಬೇಕು, ಹಜೀರಾ ಹಜೀರಾ ಅಂತ ಯಾರೂ ಕರೀಬಾರದು, ಒಂದಿನ ಹಂಗ ಸುಮ್ನ ಕೂಡಬೇಕು ಅಂತ. ಆತು ಕರ್ಕೊಂಡು ಹೋಗ್ತೀನಿ ಅಂದಿದ್ದೆ ನಾನು."

ಹಜೀರಾಬೀಗೆ ನೆನಪಿರಲಿಲ್ಲ. ಎಷ್ಟು ಕೆದಕಿದರೂ ಆ ದಿನ ಸಿಗಲಿಲ್ಲ. ಯಾವುದೋ ಹುಡುಗಿ ಹಾಗೆ ಅಂದಿರಬೇಕು, ಅದನ್ನು ಈ ಮನುಷ್ಯ ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ. ಇವನ ಮೇಲೆ ತಾನು ಪಟ್ಟ ಅನುಮಾನಗಳೆಲ್ಲ ಒಟ್ಟಿಗೆ ಬಂದು ಎದುರಿಗೆ ಕೂತವು. ಅವಳಿಗೆ ನಾಚಿಕೆಯಾಯಿತು. ಅವನನ್ನು ಎಳೆದು ಎದೆಗೆ ಒತ್ತಿಕೊಳ್ಳಬೇಕು ಅನ್ನಿಸಿತು. ಹಗಲು, ಬಾಗಿಲು ಬೇರೆ ತೆರೆದಿದೆ.

"ಇಲ್ಲಿ ನೋಡ್ರಿ" ಎಂದಳು.

ಅವನು ನೋಡಿದ.

"ಕಹಾ-ಸುನಾ ಮಾಫ್ ಮಾಡ್ರಿ."

ಜಮಾಲ್ ಸಾಬನ ಕೈ ಚೀಲದೊಳಗೇ ನಿಂತಿತು. ನಗಲು ನೋಡಿದ. ಮುಖ ಅರ್ಧ ನಕ್ಕಿತು, ಅರ್ಧ ನಗಲಿಲ್ಲ. "ಹುಚ್ಚು ಹಿಡೀತೇನ ನಿನಗ? ನಾನೂ ಬರ್ತೀನಲ್ಲ. ಜೊತೆಗೆ ಹೋಗೋರ ಹತ್ರ ಯಾರಾರ ಮಾಫಿ ಕೇಳ್ತಾರಾ?"

"ಮಲ್ಪೆತನ ಬರ್ತೀರಿ" ಎಂದಳು ಹಜೀರಾಬೀ.

ಹೊರಗೆ ಪುಟ್ಟಕ್ಕ ಯಾರಿಗೋ ಮೆಂತ್ಯದ ಕಟ್ಟಿನ ಬಗ್ಗೆ ಜೋರು ಮಾಡುತ್ತಿದ್ದಳು. ಜಮಾಲ್ ಸಾಬ್ ಹೆಂಡತಿಯ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅವಳು ಬೇಡವೆಂದು ಕೈ ಆಡಿಸಿದಳು. ಅವನು ತೋಳಿನಿಂದ ಕಣ್ಣು ಒರೆಸಿಕೊಂಡು, ಮರಳ ಮೇಲೆ ಹಾಸಲೆಂದು ತೆಗೆದಿಟ್ಟಿದ್ದ ದುಪ್ಪಟಿಯನ್ನು ಎತ್ತಿಕೊಂಡ. ಎರಡು ಮೂಲೆ ಕೂಡಿಸಿದರೆ ಇನ್ನೆರಡು ಮೂಲೆ ನೆಲಕ್ಕೆ ಜಾರುತ್ತಿದ್ದವು. ಮತ್ತೆ ಕೂಡಿಸಿದ, ಮತ್ತೆ ಜಾರಿದವು.

ಹಜೀರಾಬೀ ಎದ್ದು ಆ ಕಡೆಯ ಎರಡು ಮೂಲೆ ಹಿಡಿದಳು. ಇಬ್ಬರೂ ಎಳೆದು ಬಿಗಿ ಮಾಡಿ, ಒಂದು ಮಡಿಕೆ ಹಾಕಿ, ಹತ್ತಿರ ಬಂದರು.